ಬರೆಯುವವನ ಸುಖ, ಕಟ್ಟುವವನ ಖರ್ಚು

ಮೇಕ್‌ಫೈಲ್ ಬರೆದವರಿಗೆಲ್ಲ ಈ ಪಾಡು ಗೊತ್ತು. ಸಾಲಿನ ಮೊದಲಿಗೆ ಟ್ಯಾಬ್ ಇರಬೇಕಾದ ಕಡೆ ಎಂಟು ಸ್ಪೇಸ್ ಬಿದ್ದಿರುತ್ತವೆ. ಕಣ್ಣಿಗೆ ಎರಡೂ ಒಂದೇ ಖಾಲಿ ಜಾಗ. ತಂತ್ರಾಂಶ ಕಟ್ಟುವ ಟೂಲ್ ಆದ ಮೇಕ್ ಮಾತ್ರ ‘ಮಿಸಿಂಗ್ ಸಪರೇಟರ್’ ಎಂದು ಗೊಣಗಿ ನಿಂತುಬಿಡುತ್ತದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ತಿದ್ದಬಹುದಿತ್ತು. ಆದರೆ ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ಗೆಳೆಯರೇ, ಅದನ್ನು ಬಳಸತೊಡಗಿದ್ದರು. ಅವರಿಗೇಕೆ ತೊಂದರೆ ಎಂದು ಹಾಗೇ ಬಿಟ್ಟರು. ಆ ದಾಕ್ಷಿಣ್ಯಕ್ಕೆ ಅರ್ಧ ಶತಮಾನದಿಂದ ಊರೆಲ್ಲ ದಂಡ ಕಟ್ಟುತ್ತಿದೆ.

ಬಿಲ್ಡ್ ಟೂಲ್‌ಗಳನ್ನು ಬೇರೆ ಭಾಷೆಯಲ್ಲಿ ಮತ್ತೆ ಬರೆಯೋಣವೇ ಎಂಬ ಮಾತು ಎದ್ದಾಗೆಲ್ಲ ನನಗೆ ಈ ದಂಡ ನೆನಪಾಗುತ್ತದೆ. ಪರ್ಲ್ ಹಳತಾಯಿತು, ಪೈಥಾನ್ ಓದಲು ಸುಲಭ, ರಸ್ಟ್ ಭದ್ರ ಎಂದು ಚರ್ಚೆ ಭಾಷೆಗಳ ಗುಣಗಾನದಲ್ಲೇ ಮುಗಿಯುತ್ತದೆ. ಖರ್ಚು ಯಾರ ತಲೆಗೆ ಎಂದು ಕೇಳುವವರು ಕಡಿಮೆ. ಟೂಲ್ ಬರೆಯುವವರು ಒಬ್ಬಿಬ್ಬರು; ಅದನ್ನು ಓಡಿಸಲೇಬೇಕಾದವರು ಸಾವಿರಾರು. ಅವರಿಗೆ ಬೇಕಾದದ್ದು ತಂತ್ರಾಂಶವೇ ಹೊರತು ಅದನ್ನು ಕಟ್ಟುವ ಟೂಲ್ ಅಲ್ಲ.

ಲಿನಕ್ಸ್ ಕರ್ನಲ್‌ನ ಕಥೆಯನ್ನೇ ನೋಡಿ. ಎರಿಕ್ ರೇಮಂಡ್ ಅದರ ಕಾನ್ಫಿಗರೇಶನ್ ವ್ಯವಸ್ಥೆಯನ್ನು ಪೈಥಾನ್‌ನಲ್ಲಿ ಹೊಸದಾಗಿ ಬರೆದು ತಂದಾಗ, ಕರ್ನಲ್ ಕಟ್ಟಲು ಪೈಥಾನ್ ಯಾಕೆ ಬೇಕು ಎಂದು ಹಲವರು ಸಿಡುಕಿದರು. ಭಾಷೆಯ ಜೊತೆಗೆ ವಿನ್ಯಾಸವೂ ಬದಲಾಗಿತ್ತು. 2002ರಲ್ಲಿ ಒಳಕ್ಕೆ ಬಂದದ್ದು ರೋಮನ್ ಜಿಪ್ಪೆಲ್ ಅವರ ವ್ಯವಸ್ಥೆ, ಅದೂ ಸಿ ಭಾಷೆಯಲ್ಲಿ. ಮುಂದೆ 2008ರಲ್ಲಿ ಒಂದು ಪುಟ್ಟ ಪರ್ಲ್ ಸ್ಕ್ರಿಪ್ಟ್ ಸೇರಿಕೊಂಡಿತು. ಅದರ ಕೆಲಸ ಬರೀ ಲೆಕ್ಕ: ಸೆಕೆಂಡಿಗೆ 100, 250 ಅಥವಾ 1000 ಸಲ ಮಿಡಿಯುವ ಕರ್ನಲ್ ಗಡಿಯಾರವನ್ನು ಮಿಲಿಸೆಕೆಂಡುಗಳಿಗೆ ಹೊಂದಿಸುವ ಗುಣಕಗಳನ್ನು ತೆಗೆದುಕೊಡುವುದು. ಅಷ್ಟಕ್ಕಾಗಿ ಇಡೀ ಪರ್ಲ್ ಅನ್ನು ಹೊತ್ತು ತರಬೇಕೆ ಎಂದು, ಪುಟ್ಟ ಲಿನಕ್ಸ್ ವ್ಯವಸ್ಥೆಗಳನ್ನು ಬುಡದಿಂದ ಕಟ್ಟುವ ರಾಬ್ ಲ್ಯಾಂಡ್ಲಿ ತಗಾದೆ ತೆಗೆದರು. 2013ರಲ್ಲಿ ಅದೇ ಲೆಕ್ಕ ಬಿಸಿ ಭಾಷೆಗೆ ಬಂತು. ಬಿಸಿ ಎಂದರೆ ಯೂನಿಕ್ಸ್‌ನ ಹಳೇ ಕ್ಯಾಲ್ಕುಲೇಟರ್. ಅಂದಚಂದದಲ್ಲಿ ಪರ್ಲ್‌ಗಿಂತಲೂ ಕೆಳಗೆ (ಅದೇನು ಸಣ್ಣ ಸಾಧನೆಯಲ್ಲ). ಆದರೂ ಗೆದ್ದಿತು, ಹೊರೆ ಹಗುರವಾದ್ದರಿಂದ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೆ? ಹಾಗಲ್ಲ. 2025ರ ಮಾರ್ಚ್‌ನಲ್ಲಿ ಟೈಪ್‌ಸ್ಕ್ರಿಪ್ಟ್ ತಂಡ ಅದೇ ಭಾಷೆಯಲ್ಲಿದ್ದ ತನ್ನ ಕಂಪೈಲರನ್ನು ಗೋ ಭಾಷೆಗೆ ಒಯ್ಯುತ್ತಿರುವುದಾಗಿ ಹೇಳಿತು. ಸುಮಾರು 15 ಲಕ್ಷ ಸಾಲುಗಳ ವಿಎಸ್ ಕೋಡ್ ಅನ್ನು ಪರಿಶೀಲಿಸಲು 77.8 ಸೆಕೆಂಡ್ ಹಿಡಿಯುತ್ತಿದ್ದದ್ದು 7.5ಕ್ಕೆ ಇಳಿಯಿತು. ದುಡಿಮೆ ತಂಡದ್ದು, ಉಳಿತಾಯ ಬಳಕೆದಾರರದ್ದು. ಜಾಣತನ ಇನ್ನೊಂದಿದೆ: ಅವರು ಹಳೆಯ ಕೋಡಿನ ರಚನೆಯನ್ನು ಕದಲಿಸದೆ ಭಾಷಾಂತರ ಮಾಡಿದರು. ಹೊಸದು ಎಲ್ಲಿ ತಪ್ಪಿತೆಂದು ಹಳೆಯದರ ಪಕ್ಕದಲ್ಲಿಟ್ಟು ನೋಡಬಹುದು. ನಷ್ಟವೂ ಇದೆ. ಟೈಪ್‌ಸ್ಕ್ರಿಪ್ಟ್ ಮಾತ್ರ ಬಲ್ಲವನು ಇನ್ನು ಅದರ ಕಂಪೈಲರಿಗೆ ಕೈಹಾಕಬೇಕಾದರೆ ಗೋ ಕಲಿಯಬೇಕು.

ಗೋ ಹೋದದ್ದು ಇದರ ಎದುರು ದಿಕ್ಕಿಗೆ. ಸಿಯಲ್ಲಿದ್ದ ಅದರ ಕಂಪೈಲರ್ 2015ರ 1.5 ಆವೃತ್ತಿಯಲ್ಲಿ, ಅದೂ ಯಂತ್ರದಿಂದಲೇ ಅನುವಾದಗೊಂಡು, ಗೋ ಭಾಷೆಗೇ ಬಂತು. ಬಿಲ್ಡ್‌ಗೆ ಸುಮಾರು ಇಮ್ಮಡಿ ಹೊತ್ತು ಹಿಡಿಯಿತು. ಸುಖ ತಂಡಕ್ಕೆ, ಕಾಯುವ ಕೆಲಸ ಮಂದಿಗೆ. ಅದನ್ನು ನಾನು ಒಪ್ಪುವುದು ಒಂದೇ ಕಾರಣಕ್ಕೆ: ನಿಧಾನವಾಗುತ್ತದೆಂದು ಅವರು ಬಿಡುಗಡೆಯ ಟಿಪ್ಪಣಿಯಲ್ಲೇ ಬರೆದರು, ಮುಂದಿನ ಆವೃತ್ತಿಗಳಲ್ಲಿ ವೇಗ ಹೆಚ್ಚಿಸುತ್ತ ಆ ಸಾಲವನ್ನು ಕಂತುಕಂತಾಗಿ ತೀರಿಸತೊಡಗಿದರು. ಎಲ್ಲರೂ ತೀರಿಸುವುದಿಲ್ಲ.

ಆದ್ದರಿಂದ ಟೂಲ್ ಬದಲಿಸಹೊರಟವರಲ್ಲಿ ನನ್ನ ಕೋರಿಕೆ ಇಷ್ಟೇ. ಭಾಷೆಯನ್ನೂ ವಿನ್ಯಾಸವನ್ನೂ ಒಂದೇ ದಿನ ಬದಲಿಸಬೇಡಿ. ನಿಮ್ಮ ಕೋಡನ್ನು ಹೊಸ ಯಂತ್ರದಲ್ಲಿ ಮೊದಲ ಸಲ ಕಟ್ಟುವವನನ್ನು ಕೂರಿಸಿಕೊಂಡು ಅವನು ಏನೇನು ಇನ್‌ಸ್ಟಾಲ್ ಮಾಡಬೇಕಾಯಿತೆಂದು ಎಣಿಸಿ. ತಡ ಮಾಡಿ ತಿದ್ದಿದರೂ ಫಲ ಕಡಿಮೆ. ಗ್ನೂ ಮೇಕ್‌ನಲ್ಲಿ ಟ್ಯಾಬ್ ಬದಲು ಬೇರೆ ಅಕ್ಷರ ಇಟ್ಟುಕೊಳ್ಳಲು 2010ರಿಂದಲೇ ಅವಕಾಶವಿದೆ. ಅದನ್ನು ಬಳಸಿದ ಮೇಕ್‌ಫೈಲ್ ಒಂದನ್ನೂ ನಾನು ಈವರೆಗೆ ನೋಡಿಲ್ಲ.