ಅಕ್ಷರದ ಋಣ

ಬರೆಯುವವನು ಆರಿಸಿಕೊಳ್ಳುವ ಸಾಧನದಲ್ಲಿ ಧರ್ಮಾಧರ್ಮವಿಚಾರವುಂಟೇ? ಉಂಟೆಂದೇ ನಮ್ಮ ಅಭಿಪ್ರಾಯ.

ಗಣಕಯಂತ್ರವು ಮನೆಗಳಿಗೆ ಬಂದ ಮೊದಲ ದಿನಗಳಲ್ಲಿ ಕನ್ನಡಿಗರು ಕೆಲವರು ಶ್ರೀಲಿಪಿಯನ್ನೂ, ಕೆಲವರು 1998ರಲ್ಲಿ ಹೊರಬಂದ ‘ಬರಹ’ವನ್ನೂ, ಆಮೇಲೆ ಹಲವರು ‘ನುಡಿ’ಯನ್ನೂ ಆಶ್ರಯಿಸಿದರು. ಕೈಗೆ ಒಗ್ಗಿದುದೇ ಪ್ರಮಾಣವಾಯಿತು. ಆದರೆ ಆ ತಂತ್ರಾಂಶಗಳು ಅಕ್ಷರಗಳಿಗೆ ತಮತಮಗೆ ತೋಚಿದ ಸಂಕೇತಗಳನ್ನಿಟ್ಟಿದ್ದುವು. ಒಂದರಲ್ಲಿ ಬರೆದುದು, ಅದರ ಅಚ್ಚಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದಿತು.

1991ರಲ್ಲಿಯೇ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನವು ದೊರೆತಿದ್ದಿತು. ಮನೆಯ ಯಂತ್ರಗಳು ಅದಕ್ಕೆ ಅಣಿಯಾಗಲು ಸುಮಾರು ಹತ್ತು ವರ್ಷ ಹಿಡಿಯಿತು. ಆ ತರುವಾಯವೂ ಅಭ್ಯಾಸವು ಬಿಡಲಿಲ್ಲ.

ಕ್ಷಯಿಸದುದೇ ಅಕ್ಷರವೆನ್ನುವರು. ತಾಳೆಗರಿಯು ಜೀರ್ಣವಾಗುವ ಮುನ್ನ ಹಿರಿಯರು ಪ್ರತಿಮಾಡಿಟ್ಟುದರಿಂದಲೇ ಕಾವ್ಯಗಳು ನಮಗೆ ಉಳಿದುವು. ಆದುದರಿಂದ ಹಳೆಯ ಕಡತಗಳನ್ನು ಸರ್ವಸಾಧಾರಣ ಸಂಕೇತಕ್ಕೆ ಪರಿವರ್ತಿಸಿಡುವುದು ಪ್ರತಿಯೊಂದು ಮನೆಯ ಕರ್ತವ್ಯವಾಗಿರುವುದು.