ಶುಲ್ಕವೋ, ಕ್ಷಮೆಯೋ?

ಹೊಸ ಬಡಾವಣೆಗಳಿಂದ ನಗರವು ಅಭಿವೃದ್ಧಿ ಶುಲ್ಕ ಕೇಳುವುದು ನ್ಯಾಯವೇ. ರಸ್ತೆ, ಚರಂಡಿಗಳಿಗೆ ಹಣ ಬೇಕಲ್ಲ! ಆದರೆ ಮನೆಯ ಸುತ್ತ ಇಷ್ಟು ಜಾಗ ಬಿಡು, ಇಷ್ಟೇ ಅಂತಸ್ತು ಕಟ್ಟು ಎನ್ನುವ ನಿಯಮದ ಮಾತೇ ಬೇರೆ. ಅದು ನೆರೆಮನೆಯ ಗಾಳಿ-ಬೆಳಕಿಗೆ ಕೊಟ್ಟ ಭಾಷೆ.

ಕರ್ನಾಟಕದ ‘ಅಕ್ರಮ-ಸಕ್ರಮ’ ಯೋಜನೆ ಆ ಭಾಷೆಗೂ ಬೆಲೆ ಕಟ್ಟಿತು. 2014ರ ನಿಯಮಗಳಂತೆ ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗಿನ, ಉಳಿದವುಗಳಲ್ಲಿ 25ರವರೆಗಿನ ಉಲ್ಲಂಘನೆಯನ್ನು ಹಣ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಸಾಲ ಮಾಡಿ ಅಂಥ ಮನೆ ಕೊಂಡವರನ್ನು ಬೀದಿಗೆ ತಳ್ಳಿ ಎನ್ನಲು ನನಗೆ ಬಾಯಿ ಬಾರದು. ಆದರೂ ಬೆಳಕು ಕಳೆದುಕೊಂಡವನು ನೆರೆಯವನು. ಹಣ ಪಡೆಯುವುದು ಆಡಳಿತ. ನಷ್ಟ ಹೊತ್ತವನನ್ನು ಕೇಳದೆ ಮೂರನೆಯವರು ಕ್ಷಮೆಯನ್ನು ಮಾರಬಹುದೆ? ಮಾರಿದರೆ, ನಿಯಮದಂತೆ ಜಾಗ ಬಿಟ್ಟವನು ದಡ್ಡನೆನಿಸಿಕೊಳ್ಳುತ್ತಾನೆ. ಊರಿನಲ್ಲಿ ಒಂದಿಷ್ಟು ಗಾಳಿಯಾಡುತ್ತಿರುವುದು ಅಂಥ ದಡ್ಡರಿಂದಲೇ.