ಹಕ್ಕಿ ಬರೆಯೋ ಕೈಗೆ ಕೇರಿ ಬರೆಯೋ ಹಕ್ಕು

ಮಕ್ಕಳಿಗೆ ಕಲೆ ಕಲಿಸುತ್ತೇವೆ ಅಂತ ಹಳ್ಳಿ ಶಾಲೆಗಳಿಗೆ ಬರುವ ಶಿಬಿರಗಳನ್ನು ನಾವು ಸ್ವಾಗತಿಸುತ್ತೇವೆ. ಮಗ್ಗಿ ಒಪ್ಪಿಸಿ, ಕೈಕಟ್ಟಿ ಕೂತು ಜಡ್ಡುಗಟ್ಟಿದ ಮಕ್ಕಳ ಕೈಗೆ ಬಣ್ಣ, ಬಾಯಿಗೆ ಹಾಡು, ಮೈಗೆ ಕುಣಿತ ಸಿಗುವುದು ಸಣ್ಣ ಮಾತಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ರಜೆಯಲ್ಲಿ ಮಾಡುವಂಥ ಕೆಲಸ ಕೇರಿಯ ಶಾಲೆಗೂ ಬರಲಿ. ಆದರೆ ಒಂದು ಪ್ರಶ್ನೆ ಕೇಳಲೇಬೇಕಾಗಿದೆ. ಮಗುವಿನ ಕೈಗೆ ಕುಂಚ ಕೊಟ್ಟವರು ಅದರಿಂದ ಚಂದವನ್ನು ಕೇಳಬೇಕೋ, ನಿಜವನ್ನು ಕೇಳಬೇಕೋ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ತಗೊಳ್ಳೋಣ. ಶಿಂಷಾ ಹೊಳೆಗೆ ಹತ್ತಿರದ ಈ ಊರಿಗೆ ವರ್ಷಾ ವರ್ಷ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಬಂದು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಜನ ಅವುಗಳನ್ನು ಕಾಯ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗ್ತದೆ. ಸರ್ಕಾರ 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸುವುದಕ್ಕೆ ಎಷ್ಟೋ ಮೊದಲಿಂದ ನಡೆದು ಬಂದ ಕಾಳಜಿ ಇದು. ದೊಡ್ಡ ಗುಣ, ತಲೆಬಾಗೋಣ.

ಇಂಥ ಊರಿನ ಶಾಲೆಗೆ ಶಿಬಿರ ಬಂದರೆ 'ಕೊಕ್ಕರೆ ಬರೀರಿ ಮಕ್ಕಳೇ' ಅನ್ನುವುದು ಸಹಜ. ಬರೆಯಲಿ. ಪಟ್ಟಣದಿಂದ ಬಂದ ಕಲಾವಿದರಿಗಿಂತ ಆ ಮಗುವಿಗೇ ಕೊಕ್ಕರೆ ಚೆನ್ನಾಗಿ ಗೊತ್ತು. ಅವರಿಗೆ ಕಾಣೋದು ರೆಕ್ಕೆ. ಮಗುವಿಗೆ ಮರದಡಿ ಉದುರಿದ ಮೀನು, ಅದರ ನಾತ, ಗೂಡಿಂದ ಬಿದ್ದ ಮರಿ, ಅಂಗಳ ಗುಡಿಸುವ ಅವ್ವನ ಬಾಗಿದ ಬೆನ್ನು ಎಲ್ಲಾ ಕಾಣ್ತವೆ. ಅದನ್ನೆಲ್ಲ ಬರೆದರೆ 'ಯಾಕೋ ಗಲೀಜು ಮಾಡ್ದೆ, ಆಕಾಶಕ್ಕೆ ನೀಲಿ ತುಂಬು' ಅನ್ನುವವರು ಒಂದಲ್ಲ ಒಂದು ಶಿಬಿರದಲ್ಲಿ ಇದ್ದೇ ಇರ್ತಾರೆ. ಆ ಗಳಿಗೆಯಲ್ಲಿ ಮಗು ಕಲಿಯುವ ಪಾಠ ಒಂದೇ: ಕಂಡದ್ದನ್ನು ಮುಚ್ಚಿಡಬೇಕು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಮರ ಇರೋದು ಹಿತ್ತಿಲು ಇದ್ದೋರ ಮನೇಲಿ. ಗೊಬ್ಬರ ದಕ್ಕೋದು ಹೊಲ ಇದ್ದೋರಿಗೆ. ಹಿತ್ತಿಲೂ ಇಲ್ಲದ, ಹೊಲವೂ ಇಲ್ಲದ ಮನೆಯ ಮಗು, ಯಾವ ಊರಿನದ್ದೇ ಆಗಲಿ, 'ನಮ್ಮ ಊರು' ಅಂತ ಚಿತ್ರ ಬರೆಯೋಕೆ ಕೂತರೆ ಏನು ಬರೀಬೇಕು? ಊರು, ಕೇರಿ, ನಡುವೆ ಒಂದು ಗೆರೆ. ಆ ಗೆರೆ ಎಳೆಯುವ ಧೈರ್ಯ ಕೊಡದ ಶಿಬಿರ ಎಂಥ ಕಲೆಯನ್ನು ಕಲಿಸೀತು?

ಇಂಥ ಗೆರೆ ಎಳೆದ ವಿದ್ಯಾರ್ಥಿನಿಯೊಬ್ಬಳು ಚರಿತ್ರೆಯಲ್ಲಿದ್ದಾಳೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ನಡೆಸಿದ ಶಾಲೆಯಲ್ಲಿ ಓದಿದ, ಮಾಂಗ್ ಜಾತಿಯ ಮುಕ್ತಾ ಸಾಳ್ವೆ. 1855ರಲ್ಲಿ ಮಹಾರ್ ಮಾಂಗರ ದುಃಖದ ಬಗ್ಗೆ ಆಕೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ತಮ್ಮ ಹೆಂಗಸರು ಹೆರುವಾಗ ತಲೆ ಮೇಲೆ ಸೂರಿಲ್ಲದೆ ಮಳೆಚಳಿಯಲ್ಲಿ ನರಳುವುದನ್ನು ಆ ಹುಡುಗಿ ಬರೆದಿದ್ದಾಳೆ. ಹಕ್ಕಿಗೂ ಬಾಣಂತನ ಮಾಡುವ ನಾಡಿನಲ್ಲಿ ನಿಂತು ಇದನ್ನು ಓದಿದರೆ ಎದೆ ಉರೀತದೆ. ಆಕೆಗೆ ಯಾರಾದರೂ 'ಸೂರ್ಯೋದಯದ ಸೊಬಗು ಬರಿ' ಅಂದು ಕೂರಿಸಿದ್ದರೆ ಈ ಮಾತು ನಮಗೆ ಸಿಗುತ್ತಿರಲಿಲ್ಲ.

ಇನ್ನು ತಮಟೆಯ ಮಾತು. ಈಗ ತಮಟೆಗೆ 'ಜನಪದ ಕಲೆ' ಅಂತ ಮರ್ಯಾದೆ ಬಂದಿದೆ. ಸಂತೋಷ. ಆದರೆ ಕೇರಿಯ ಹುಡುಗನನ್ನೇ ಕರೆದು 'ನಿನ್ನ ರಕ್ತದಲ್ಲೇ ಐತೆ, ಬಡಿಯೋ' ಅಂದರೆ ಅದು ಹಳೇ ಬಿಟ್ಟಿಚಾಕರಿಗೆ ಹೊಸ ಅಂಗಿ ತೊಡಿಸಿದ ಹಾಗೆ. ನಮ್ಮ ಹಿರೀಕರು ಹೆಣದ ಮುಂದೆ, ತೇರಿನ ಮುಂದೆ ಬಡಿದದ್ದು ಇಷ್ಟಪಟ್ಟಲ್ಲ. ಇನ್ನು ಬಡಿಯೋಲ್ಲ ಅಂತ ಕೆಳಗಿಟ್ಟವರಿದ್ದಾರೆ. ಅದನ್ನೇ ಹೋರಾಟದ ಹಾಡಿಗೆ ಎತ್ತಿಕೊಂಡವರೂ ಇದ್ದಾರೆ. ಎರಡೂ ಸರಿ, ಯಾಕೆಂದರೆ ಎರಡರಲ್ಲೂ ತೀರ್ಮಾನ ಬಡಿಯುವವನದು. ಗೌಡರ ಮಗನ ಕೈಗೂ ತಮಟೆ ಬರಲಿ. ಕೇರಿಯ ಹುಡುಗನಿಗೆ 'ನಾನೊಲ್ಲೆ' ಅನ್ನೋ ಹಕ್ಕಿರಲಿ. ಆಗ ಅದು ಕಲೆ.

'ಮೊದಲು ಅನ್ನ, ಭೂಮಿ. ಚಿತ್ರಗಿತ್ರ ಆಮೇಲೆ' ಅನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ಅವರ ಸಿಟ್ಟು ನಮ್ಮದೂ ಹೌದು. ಆದರೆ ಅನ್ನ ಕೇಳೋಕೂ ಬಾಯಿ ಬೇಕು. ಬಾಲಕ ಭೀಮರಾವ್ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತರು. ನೀರು ಕೊಡುವ ಜವಾನ ಇಲ್ಲದ ದಿನ ನೀರೂ ಇಲ್ಲ. ಅದನ್ನು ಬಾಬಾಸಾಹೇಬರು ಮುಂದೆ ಬರೆದಿಟ್ಟದ್ದರಿಂದಲೇ ಒಬ್ಬ ಹುಡುಗನ ಬಾಯಾರಿಕೆ ಇಡೀ ದೇಶಕ್ಕೆ ಹಾಕಿದ ಪ್ರಶ್ನೆಯಾಯಿತು.

ಹಳ್ಳಿಯ ಮೇಷ್ಟ್ರುಗಳೇ, ಇದಕ್ಕೆ ದುಬಾರಿ ಬಣ್ಣ ಬೇಡ. ಇದ್ದಿಲು, ಕೆಮ್ಮಣ್ಣು, ಒಂದು ಗೋಡೆ ಸಾಕು. ಮಗು ಬರೆದದ್ದನ್ನು ತಿದ್ದುವ ಮೊದಲು 'ಇದೇನಪ್ಪಾ, ಇದೇನವ್ವಾ' ಅಂತ ಕೇಳಿ. ಹೇಳೋದನ್ನ ಪೂರ್ತಿ ಕೇಳಿಸಿಕೊಳ್ಳಿ. ಕೇಳಿದ್ದು ಮುಜುಗರ ತಂದರೂ ಅದರ ಮೇಲೆ ಸುಣ್ಣ ಬಳಿಯಬೇಡಿ. ಊರಿಗೆ ಕಾಣೋ ಹಾಗೆ ಅಲ್ಲೇ ಇರಲಿ.